ಬ್ಯಾಸಗ್ಯಾಗ ತತ್ತಿ ತೆಳು, ಲೆಕ್ಕಾನೂ ಕಡಿಮಿ: ಟಾನಿಕ್ ಬೇಕೋ ಬ್ಯಾಡೋ?

ಚಿತ್ತಾಪುರ ಅಂಗಳ
ಎಲ್ಲಾರಿಗೂ ನಮಸ್ಕಾರ. ಹಿತ್ತಲದಾಗ 8 ಜವಾರಿ ಹ್ಯಾಟಿ, 6 ಸ್ವರ್ಣಧಾರಾ ಅನ್ನೋ ಸುಧಾರಿತ ತಳಿಯವು, ಒಂದು ಹುಂಜ ಅವ. ಫೆಬ್ರವರಿ ತನಕ ದಿನಕ್ಕ 7–8 ತತ್ತಿ ಬರ್ತಿದ್ವು, ಈಗ 3 ಬಂದ್ರ ಹೆಚ್ಚು. ಅದರಾಗೂ ಕೆಲವು ತೆಳು, ಬಟ್ಟಿಲೆ ಒತ್ತಿದ್ರ ಕುಗ್ತಾವ. ಮುಂಜಾನೆ ಕೋಳಿ ಕೂಡೋ ಬಡಗಿ ಕೆಳಗ ಸಿಪ್ಪಿನೇ ಇಲ್ಲದ ತತ್ತಿ ಬಿದ್ದಿರ್ತದ. ತಿನ್ಲಿಕ್ಕ ಜ್ವಾಳ, ಸಜ್ಜಿ, ಮನ್ಯಾಗ ಉಳಿದ ಅನ್ನ ರೊಟ್ಟಿ. ಗೂಡು ತಗಡಿಂದು. ಅಂಗಡ್ಯಾಂವ ಕ್ಯಾಲ್ಸಿಯಂ ಟಾನಿಕ್, ಲಿವರ್ ಟಾನಿಕ್ ಎರಡೂ ಹಾಕ್ರಿ ಅಂತಾನ. ಯಾವುದು ತರಲಿ?

ಶಹಾಪುರ ಜವಾರಿ
ಎರಡೂ ಬ್ಯಾಡ. ಮದಲ ಮ್ಯಾಲಿನ ತಗಡ ನೋಡ್ರಿ, ಆಮ್ಯಾಲ ಬಾಟಲಿ.

ಭಾಲ್ಕಿ ಪಶುವೈದ್ಯ
ತತ್ತಿ ಹೇಗೆ ತಯಾರಾಗುತ್ತದೆ ಅನ್ನೋದು ಗೊತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅಂಡಾಶಯದಿಂದ ಹಳದಿ ಬಿಡುಗಡೆಯಾದ ಮೇಲೆ ತತ್ತಿ ಹೊರಗೆ ಬರಲು ಸುಮಾರು 25 ಗಂಟೆ ಬೇಕು. ಬಿಳಿ ಸುತ್ತಿಕೊಳ್ಳಲು 3 ಗಂಟೆ, ಒಳಪೊರೆಗೆ ಒಂದೂಕಾಲು ಗಂಟೆ. ಉಳಿದ ಹತ್ತಿರಹತ್ತಿರ 20 ಗಂಟೆ ಪೂರ್ತಿ ಸಿಪ್ಪೆಗೇ ಹೋಗುತ್ತದೆ, ಅದರಲ್ಲೂ ದೊಡ್ಡ ಪಾಲು ರಾತ್ರಿ ಹೊತ್ತು. ಒಂದು ಸಿಪ್ಪೆಯ ತೂಕ 5–6 ಗ್ರಾಂ. ಅದರೊಳಗೆ ಕ್ಯಾಲ್ಸಿಯಂ 2 ಗ್ರಾಂಗಿಂತ ಸ್ವಲ್ಪ ಹೆಚ್ಚು.

ಈಗ ಜೋಳ ನೋಡಿ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇರೋದು ಕಷ್ಟ. ಕೊರತೆ ಬಿದ್ದದ್ದನ್ನು ಕೋಳಿ ತನ್ನ ಕಾಲಿನ ಎಲುಬಿನಿಂದ ಕಿತ್ತು ಸಿಪ್ಪೆಗೆ ಹಾಕುತ್ತದೆ. ಹೀಗೆ ಎಷ್ಟು ದಿನ ಕಿತ್ತೀತು? ಮೊದಲು ಸಿಪ್ಪೆ ತೆಳುವಾಗುತ್ತದೆ, ಆಮೇಲೆ ತತ್ತಿಯೇ ನಿಲ್ಲುತ್ತದೆ, ಅದೂ ಮೀರಿದರೆ ಕಾಲು ಸೋತು ಕೂತಲ್ಲೇ ಕೂರುತ್ತದೆ.

ಇದರ ಮೇಲೆ ನಮ್ಮ ಕಡೆಯ ಬಿಸಿಲು. ಕೋಳಿಗೆ ಬೆವರುವ ಗ್ರಂಥಿ ಇಲ್ಲ, ಬಾಯಿ ತೆರೆದು ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಹಾಗೆ ತೇಕುವಾಗ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕಿಂತ ಹೆಚ್ಚು ಹೊರಗೆ ಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಸಿಪ್ಪೆಗೆ ಬೇಕಾದ ಬೈಕಾರ್ಬನೇಟ್ ಕಡಿಮೆ, ರಕ್ತದಲ್ಲಿ ಬಳಕೆಗೆ ಸಿಗುವ ಕ್ಯಾಲ್ಸಿಯಮ್ಮೂ ಕಡಿಮೆ. ಜೊತೆಗೆ ಸೆಕೆಗೆ ಮೇವು ತಿನ್ನೋದೂ ಇಳಿಯುತ್ತದೆ. ಹಾಗಾಗಿ ತೇಕುವ ಕೋಳಿಗೆ ಕ್ಯಾಲ್ಸಿಯಂ ಎಷ್ಟು ಸುರಿದರೂ ಸಿಪ್ಪೆ ಪೂರ್ತಿ ಗಟ್ಟಿಯಾಗೋದಿಲ್ಲ. ಬಿಸಿಲು, ಕ್ಯಾಲ್ಸಿಯಂ, ಪ್ರೋಟೀನ್, ಈ ಮೂರನ್ನೂ ಒಟ್ಟಿಗೆ ಸರಿ ಮಾಡಬೇಕು. ಲಿವರ್ ಟಾನಿಕ್ ಈ ಲೆಕ್ಕದಲ್ಲಿ ಎಲ್ಲೂ ಬರೋದಿಲ್ಲ.

ಸುರಪುರ ಹುಂಜ
ಡಾಕ್ಟ್ರ ಹೇಳಿದ್ದು ಖರೇ. ಆದ್ರ ಲೆಕ್ಕ ಕಡಿಮಿ ಆಗಿದ್ದಕ್ಕ ಇನ್ನೊಂದು ಕಾರಣ ಅದ. ಜವಾರಿ ಹ್ಯಾಟಿ 12–15 ತತ್ತಿ ಇಟ್ಟು ಕಾವಿಗೆ ಕೂಡ್ತದ, ಅದರ ಹಣೇಬರಹನೇ ಅದು. ವರ್ಷಕ್ಕ 60–80 ತತ್ತಿ ಕೊಟ್ರ ಭಾಳ. ಸ್ವರ್ಣಧಾರಾ 180–190 ಕೊಡ್ತದ. ಎರಡನ್ನೂ ಕೂಡಿಸಿ ಎಣಿಸಿದ್ರ ಯಾರು ನಿಂತಾರ ಅಂತ ತಿಳಿಯಂಗಿಲ್ಲ. ಬ್ಯಾರೆ ಬ್ಯಾರೆ ಬರದಿಡ್ರಿ.

ಚಿತ್ತಾಪುರ ಅಂಗಳ
ಬರದಿಡೋದು ಹ್ಯಾಂಗ್ರಿ ಅಣ್ಣಾ, ಎಲ್ಲಾ ಒಂದೇ ಬುಟ್ಟ್ಯಾಗ ಇಡ್ತಾವ.

ಅಫಜಲಪುರ ಅಕ್ಕ
ತಮ್ಮಾ, ಹೊತ್ತು ಮುಣಗಿ ಬಡಗಿ ಮ್ಯಾಲ ಕೂತಾಗ ಒಂದೊಂದೇ ಕೋಳಿ ಕೈಯಾಗ ಹಿಡಿ. ಕತ್ತಲದಾಗ ಗದ್ಲ ಮಾಡಂಗಿಲ್ಲ. ತಲಿ ನಿನ್ನ ಬಗಲಾಗ ಹಿಂದಕ್ಕ ಇರಲಿ, ಬಾಲ ಮುಂದಕ್ಕ ಬರಲಿ. ಬಾಲದ ಕೆಳಗ ಪುಕ್ಕ ಸರಿಸಿದ್ರ ತತ್ತಿ ಬರೋ ದ್ವಾರ ಕಾಣ್ತದ. ಅದು ಅಗಲ, ಹಸಿ, ಬಿಳಚಿ ಇದ್ರ ತತ್ತಿ ನಡದಾವ. ಸಣ್ಣ, ಒಣ, ನಿರಿಗಿ ಕಟ್ಟಿ ಹಳದಿ ಇದ್ರ ನಿಂತಾವ. ಅದರ ಎಡಕ್ಕ ಬಲಕ್ಕ ಎರಡು ಚೂಪ ಎಲುಬು ಕೈಗೆ ಹತ್ತತಾವ. ಎರಡರ ನಡುವ ಎರಡು ಮೂರು ಬಟ್ಟು ಆರಾಮ ಹಿಡಿದ್ರ ಅದು ತತ್ತಿ ಕೋಳಿ, ಒಂದೇ ಬಟ್ಟು ಹಿಡಿದ್ರ ಅಲ್ಲ. ಎಲುಬಿನ ತುದಿ ತೆಳು ಇದ್ದು ಬಾಗಬೇಕು. ದಪ್ಪ ಆಗಿ, ಸುತ್ತ ಕೊಬ್ಬು ತುಂಬಿದ್ರ ಅದು ತಿಂದು ಕೊಬ್ಬಿದ್ದು.

ಸ್ವರ್ಣಧಾರಾಕ್ಕ ಕಾಲಿನ ಬಣ್ಣನೂ ನೋಡು. ತತ್ತಿ ಇಟ್ಟಂಗ ಹಳದಿ ಬಣ್ಣ ಮೈ ಬಿಟ್ಟು ತತ್ತಿಗೆ ಹೋಗ್ತದ: ಮದಲ ದ್ವಾರ ಬಿಳಚತದ, ಆಮ್ಯಾಲ ಕಣ್ಣಿನ ಸುತ್ತ, ಆಮ್ಯಾಲ ಚೊಂಚು, ಕಡೀಕ ಕಾಲು. ಕಾಲು ಬಿಳಚಿದ ಹ್ಯಾಟಿ ತಿಂಗಳುಗಟ್ಟಲೆ ಇಟ್ಟದ್ದು. ನಿಂತಾಗ ಬಣ್ಣ ಅದೇ ಸಾಲಿನಾಗ ವಾಪಸ್ ಬರ್ತದ. ಕರಿಕಾಲಿನ ಜವಾರಿಗೆ ಈ ಲೆಕ್ಕ ನಡಿಯಂಗಿಲ್ಲ.

ಯಾವ ಹ್ಯಾಟಿ ತೆಳು ಇಡ್ತದ ಅಂತ ಹಿಡೀಬೇಕಂದ್ರ ಮಿಠಾಯಿ ಬಣ್ಣ ಕೊಬ್ಬರಿ ಎಣ್ಣ್ಯಾಗ ಕಲಸಿ, ರಾತ್ರಿ ದ್ವಾರದ ಒಳತುಟಿಗೆ ಹಚ್ಚು. ಒಂದಕ್ಕ ಕೆಂಪು, ಒಂದಕ್ಕ ಹಸರು. ಮುಂಜಾನೆ ತತ್ತಿ ಮ್ಯಾಲ ಅದೇ ಬಣ್ಣದ ಗೀಟು ಇರ್ತದ. ಕಾಲಿಗೆ ಬಣ್ಣದ ದಾರ ಕಟ್ಟೋದು ಮರೀಬ್ಯಾಡ, ದಾರ ಬಿಗಿ ಆಗಬಾರದು.

ಶಹಾಪುರ ಜವಾರಿ
ಅಕ್ಕಾರ ಹೇಳಿದ್ದು ಪಕ್ಕಾ. ಈಗ ತಗಡಿನ ಮಾತು. ಮಧ್ಯಾಹ್ನ ಎರಡರ ಸುಮಾರಿಗೆ ಗೂಡಿನ ಒಳಗ ಕೈ ಮ್ಯಾಲೆತ್ತಿ ಹಿಡೀರಿ. ತಗಡಿನ ಝಳ ಅಂಗೈಗೆ ಬಡದ್ರ ಕೋಳಿ ಬೆನ್ನಿಗೂ ಬಡೀತದ. ತಗಡಿನ ಮ್ಯಾಲ ತೊಗರಿ ಕಟಗಿ ಒಂದು ಅಡಿ ದಪ್ಪ ಹಾಸ್ರಿ, ಗಾಳಿಗೆ ಹಾರದಂಗ ಹಗ್ಗ ಎಳೀರಿ. ಕಣಕಿ ಹಾಕಿದ್ರ ಎಮ್ಮಿ ಬಿಡಂಗಿಲ್ಲ, ತೊಗರಿ ಕಟಗಿ ಯಾರೂ ಮುಟ್ಟಂಗಿಲ್ಲ. ಕಟಗಿ ಇಲ್ಲಂದ್ರ ತಗಡಿಗೆ ಮ್ಯಾಲಿಂದ ದಪ್ಪ ಸುಣ್ಣ ಬಳೀರಿ. ಪಶ್ಚಿಮಕ್ಕ ಗೋಣಿಚೀಲ ಇಳಿಬಿಟ್ಟು 12 ಗಂಟೆಯಿಂದ 5ರ ತನಕ ಒದ್ದಿ ಇಡ್ರಿ, ಆದ್ರ ಪೂರ್ವಕ್ಕ ಗಾಳಿ ಹಾಯಲಿಕ್ಕ ಬಿಡಲೇಬೇಕು. ಗಾಳಿ ಇಲ್ಲದೆ ಒದ್ದಿ ಮಾಡಿದ್ರ ಬರೀ ಉಗಿ. ಹೊಸದಾಗಿ ಗೂಡು ಕಟ್ಟಾವರು ಉದ್ದನ ಗೋಡಿ ಉತ್ತರ-ದಕ್ಷಿಣಕ್ಕ ಮಾರಿ ಮಾಡಲಿ. ಅಂದ್ರ ಗೂಡಿನ ಉದ್ದ ಪೂರ್ವ-ಪಶ್ಚಿಮ ಇರ್ತದ, ಎಳೆ ಬಿಸಿಲೂ ಇಳಿ ಬಿಸಿಲೂ ಸಣ್ಣ ಗೋಡಿಗೇ ಬೀಳ್ತದ.

ನೀರು: ಮ್ಯಾಲಿನ ಕರಿ ಸಿಂಟೆಕ್ಸ್ ಟ್ಯಾಂಕಿನ ನೀರು ಮಧ್ಯಾಹ್ನ ಚಾ ಕಾಸಿದಂಗ ಇರ್ತದ, ಕೋಳಿ ಮುಟ್ಟಂಗಿಲ್ಲ. ಮಣ್ಣಿನ ಪಾತ್ರಿ ಅರ್ಧ ನೆಲದಾಗ ಹುಗದು ನೆರಳಿಗೆ ಇಡ್ರಿ, ಹಗಲಿನಾಗ ಮೂರು ಸಲ ಬದಲಿ ಮಾಡ್ರಿ. ಥಂಡ್ಯಾಗ ಒಂದು ಕೋಳಿ ಕಾಲ್ ಲೀಟರ್ ಕುಡದ್ರ ಈಗ ಅರ್ಧ ಲೀಟರ್ ಬೇಕು. ನೀರು ತಪ್ಪಿದ ಮರುದಿನನೇ ತತ್ತಿ ಕಡಿಮಿ.

ಹುಮನಾಬಾದ್ ಮೇವು
ಮೇವಿನ ಹೊತ್ತು ಬದಲಿಸಿ. ತಿಂದದ್ದು ಅರಗುವಾಗ ಮೈಯೊಳಗೆ ಶಾಖ ಹುಟ್ಟುತ್ತದೆ, ತಿಂದು ನಾಲ್ಕೈದು ತಾಸು ಅದು ಇರುತ್ತದೆ. ಹತ್ತು ಗಂಟೆಗೆ ಹೊಟ್ಟೆ ತುಂಬ ಜೋಳ ತಿಂದ ಕೋಳಿಗೆ ಎರಡು ಗಂಟೆಯ ಬಿಸಿಲು ದುಪ್ಪಟ್ಟು. ಬೆಳಗಿನ 5 ಗಂಟೆಗೆ ಒಮ್ಮೆ, ಸಂಜೆ 5ರ ಮೇಲೆ ಒಮ್ಮೆ ಹಾಕಿ. ನಡುವೆ ನೀರು, ಹಸಿ ಸೊಪ್ಪು ಸಾಕು.

ಮಿಶ್ರಣಕ್ಕೆ ಬರೋಣ. ಜೋಳದ ಪ್ರೋಟೀನ್ ಶೇಕಡಾ 10ರ ಹತ್ತಿರ, ತತ್ತಿ ಕೋಳಿಗೆ ಬೇಕಾದದ್ದು 16–17. ನಮ್ಮ ಕಡೆ ಸಿಗುವ ಸಾಮಾನಿನಲ್ಲೇ 10 ಕಿಲೋ ಹೀಗೆ ಮಾಡಬಹುದು:

ಒಡೆದ ಜೋಳ ಅಥವಾ ಮೆಕ್ಕೆಜೋಳ (ಎರಡೂ ಕೂಡಿದರೆ ಒಳ್ಳೆಯದು) 5 ಕಿಲೋ
ಸೋಯಾ ಹಿಂಡಿ 2 ಕಿಲೋ 200 ಗ್ರಾಂ
ದಾಲ್ ಮಿಲ್ಲಿನ ತೊಗರಿ ಚುನ್ನಿ 1 ಕಿಲೋ
ಗೋಧಿ ಅಥವಾ ಅಕ್ಕಿ ತೌಡು 800 ಗ್ರಾಂ
ಸುಣ್ಣಕಲ್ಲಿನ ಚೂರು ಅಥವಾ ಸಿಂಪಿ ಚೂರು 800 ಗ್ರಾಂ
ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ಕ್ಯಾಲ್ಸಿಯಂ-ರಂಜಕದ ಪುಡಿ) 150 ಗ್ರಾಂ
ಉಪ್ಪು 30 ಗ್ರಾಂ
ಕೋಳಿಗೆಂದೇ ಬರುವ ವಿಟಮಿನ್-ಖನಿಜ ಪುಡಿ, ಚೀಲದ ಮೇಲೆ ಬರೆದಷ್ಟು

ಪ್ರೋಟೀನ್ 17ರ ಸುಮಾರಿಗೆ, ಕ್ಯಾಲ್ಸಿಯಂ ಮೂರೂವರೆ ಶೇಕಡಾ ಬರುತ್ತದೆ. ಉಪ್ಪು, ಡಿಸಿಪಿ, ವಿಟಮಿನ್ ಪುಡಿಯನ್ನು ಮೊದಲು ಆ 800 ಗ್ರಾಂ ತೌಡಿನಲ್ಲಿ ಕಲಸಿ, ಆಮೇಲೆ ರಾಶಿಗೆ ಸೇರಿಸಿ. ನೇರ ರಾಶಿಗೆ ಎರಚಿದರೆ ಒಂದು ಕೋಳಿಗೆ ಉಪ್ಪಿನ ಗಡ್ಡೆ, ಇನ್ನೊಂದಕ್ಕೆ ಏನೂ ಇಲ್ಲ. ಕಟ್ಟಿ ಸಾಕಿದ ಸ್ವರ್ಣಧಾರಾಗೆ ದಿನಕ್ಕೆ 110–120 ಗ್ರಾಂ. ಹೊಲದಲ್ಲಿ ಅಡ್ಡಾಡಿ ಹುಳ ಹುಪ್ಪಟೆ ತಿನ್ನುವ ಜವಾರಿಗೆ 40–60 ಗ್ರಾಂ ಸಾಕು.

ಬೀದರ ಕಡೆಯವರಿಗೆ ಒಂದು ಮಾತು: ಹೊಲದ ಸೋಯಾಕಾಳನ್ನು ಹಸಿಯಾಗಿ ಬೀಸಿ ಹಾಕಬೇಡಿ. ಹಸಿ ಸೋಯಾದಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶ ಇದೆ. ಚೆನ್ನಾಗಿ ಹುರಿದರೆ ಮಾತ್ರ ಹೋಗುತ್ತದೆ. ಎಣ್ಣೆ ತೆಗೆದ ಹಿಂಡಿ ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತದೆ. ಶೇಂಗಾ ಹಿಂಡಿ ಹಾಕುವವರು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೂಷ್ಟಿನ ವಿಷ ಕೂತಿದೆ ಅಂತ, ಒಣಗಿಸಿದರೂ ಆ ವಿಷ ಹೋಗೋದಿಲ್ಲ.

ಇನ್ನೊಂದು: 16 ವಾರ ದಾಟದ ಮರಿಗಳಿಗೆ ಈ ಮಿಶ್ರಣ ಬೇಡವೇ ಬೇಡ. ಅವಕ್ಕೆ ಕ್ಯಾಲ್ಸಿಯಂ ಒಂದು ಶೇಕಡಾ ಸಾಕು. ಮೂರೂವರೆ ಕೊಟ್ಟರೆ ಮೂತ್ರಪಿಂಡ ಕೆಟ್ಟು ಒಳಗೆಲ್ಲ ಸುಣ್ಣದಂಥ ಬಿಳಿ ಹರಳು ಕೂತು ಸಾಯುತ್ತವೆ. ಮರಿ, ದೊಡ್ಡವು ಎಲ್ಲಾ ಒಟ್ಟಿಗೆ ತಿನ್ನುವ ಮನೆಯಲ್ಲಿ ಮೇವಿಗೆ ಸುಣ್ಣಕಲ್ಲು ಕೂಡಿಸದೆ ಬೇರೆ ಬಟ್ಟಲಲ್ಲಿ ಇಡಿ. ತತ್ತಿ ಕೋಳಿ ತನಗೆ ಬೇಕಾದಷ್ಟು ತಾನೇ ಹೆಕ್ಕಿಕೊಳ್ಳುತ್ತದೆ, ಮರಿ ಅಷ್ಟಾಗಿ ಮುಟ್ಟೋದಿಲ್ಲ.

ಸೇಡಂ ಫರಸಿ
ಸುಣ್ಣಕಲ್ಲು ರೊಕ್ಕ ಕೊಟ್ಟು ಯಾಕ ತರಬೇಕ್ರಿ? ನಮ್ಮ ಶಹಾಬಾದ್ ಫರಸಿ ಅಂದ್ರ ಸುಣ್ಣಕಲ್ಲೇ. ಕಲ್ಲು ಕೊಯ್ಯೋ ಕಡಿ ಚೂರು ಗುಡ್ಡಿಗಟ್ಟಲೆ ಬಿದ್ದಾವ. ಕುಟ್ಟಿ ಹಾಕಿದ್ರ ಆತು.

ಹುಮನಾಬಾದ್ ಮೇವು
ಅಣ್ಣಾ, ಸುಣ್ಣಕಲ್ಲು ಹೌದು, ಆದರೆ ಪದರದಿಂದ ಪದರಕ್ಕೆ ಜೇಡಿ, ಮರಳಿನ ಅಂಶ ಬೇರೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕಲ್ಲನ್ನು ನುಣ್ಣಗೆ ಕುಟ್ಟಿ 5 ಗ್ರಾಂ ತೂಗಿ, 200 ಎಂಎಲ್ ಬಿಳಿ ವಿನೆಗರಿನಲ್ಲಿ ಹಾಕಿ ಆಗಾಗ ಕಲಕುತ್ತ ರಾತ್ರಿಯಿಡೀ ಬಿಡಿ. ಸುಣ್ಣದ ಅಂಶ ನೊರೆ ಬಂದು ಕರಗುತ್ತದೆ. ಬೆಳಿಗ್ಗೆ ತೂಕ ಗೊತ್ತಿರುವ ಬಟ್ಟೆಯಲ್ಲಿ ಸೋಸಿ, ಒಣಗಿಸಿ ತೂಗಿ. ಅರ್ಧ ಗ್ರಾಂಗಿಂತ ಕಡಿಮೆ ಉಳಿದರೆ ಕಲ್ಲು ಒಳ್ಳೆಯದು. ಒಂದು ಗ್ರಾಂ ದಾಟಿದರೆ ಅದರಲ್ಲಿ ಐದರಲ್ಲಿ ಒಂದು ಪಾಲು ಬರೀ ಮಣ್ಣು, ಬಿಟ್ಟುಬಿಡಿ. ಪುಡಿ ಹಾಕಿದ ಕೂಡಲೇ ಭರ್ರನೆ ನೊರೆ ಬರಬೇಕು. ನಿಧಾನಕ್ಕೆ ಒಂದೊಂದೇ ಗುಳ್ಳೆ ಬಂದರೆ ಮೆಗ್ನೀಸಿಯಂ ಹೆಚ್ಚಿರುವ ಕಲ್ಲು ಅಂತ ಅನುಮಾನ ಪಡಬೇಕು. ಅದರಿಂದ ಹಿಕ್ಕೆ ನೀರಾಗುತ್ತದೆ, ಸಿಪ್ಪೆ ಗಟ್ಟಿಯಾಗೋದಿಲ್ಲ.

ಕೊಯ್ಯುವ ಯಂತ್ರದ ಕೆಳಗಿನ ಕೆಸರು ಬೇಡ, ಅದರಲ್ಲಿ ಎಣ್ಣೆ, ಕಬ್ಬಿಣದ ಪುಡಿ ಇರುತ್ತದೆ. ಸಿಮೆಂಟ್ ಧೂಳು ಕೈಯಿಂದ ಮುಟ್ಟಲೂಬೇಡಿ. ಎಲೆ ಅಡಿಕೆಗೆ ಹಚ್ಚುವ ಸುಟ್ಟ ಸುಣ್ಣವೂ ಬೇಡ, ಬಾಯಿ ಅನ್ನನಾಳ ಸುಡುತ್ತದೆ.

ಸೇಡಂ ಫರಸಿ
ಪರೀಕ್ಷಾ ಮಾಡೇ ಹಾಕ್ತೀನ್ರಿ. ಪುಡಿ ಮಾಡ್ಲೋ, ಚೂರು ಇಡ್ಲೋ?

ಭಾಲ್ಕಿ ಪಶುವೈದ್ಯ
ಚೂರು. ಜೋಳದ ಕಾಳಿನಷ್ಟು, 2ರಿಂದ 4 ಮಿಲಿಮೀಟರ್. ಪುಡಿ ಕೊಟ್ಟರೆ ಒಂದೆರಡು ತಾಸಿನಲ್ಲಿ ಕರಗಿ ಹಿಕ್ಕೆಯಲ್ಲಿ ಹೋಗುತ್ತದೆ. ಚೂರಾದರೆ ಕಲ್ಲುಹೊಟ್ಟೆಯಲ್ಲಿ ನಿಂತು ರಾತ್ರಿಯೆಲ್ಲ ಸ್ವಲ್ಪಸ್ವಲ್ಪವೇ ಕರಗುತ್ತದೆ, ಸಿಪ್ಪೆ ಕಟ್ಟುವುದೂ ಅದೇ ಹೊತ್ತಿಗೆ. ಅದಕ್ಕೇ ಸಂಜೆ ಮೇವಿನ ಹೊತ್ತಿಗೆ ಬಟ್ಟಲು ಮುಂದೆ ಇರಬೇಕು.

ತತ್ತಿ ಸಿಪ್ಪೆಯನ್ನೇ ವಾಪಸ್ ಕೊಡುವವರು ಬಾಣಲೆಯಲ್ಲಿ ಹುರಿದು, ಗುರುತು ಸಿಗದಷ್ಟು ಕುಟ್ಟಿ ಕೊಡಿ. ಅರ್ಧ ಸಿಪ್ಪೆ ಹಾಗೇ ಎಸೆದರೆ ಕೋಳಿ ತತ್ತಿ ಒಡೆದು ತಿನ್ನೋದು ಕಲಿಯುತ್ತದೆ. ಕಲಿತದ್ದನ್ನು ಬಿಡಿಸೋದು ಬಹಳ ಕಷ್ಟ.

ತೇಕುವ ದಿನಗಳಲ್ಲಿ ಒಂದು ಲೀಟರ್ ನೀರಿಗೆ ಒಂದು ಗ್ರಾಂ ತಿನ್ನುವ ಸೋಡಾ ಕಲಸಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಇಡಬಹುದು, ಮೂರು ನಾಲ್ಕು ದಿನ ಮಾತ್ರ. ಪಕ್ಕದಲ್ಲಿ ಸಾದಾ ನೀರೂ ಇರಲಿ. ವಿನೆಗರ್ ಹಾಕಿ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ತೆಳು ಸಿಪ್ಪೆಗೆ ಅದರಿಂದ ಉಪಯೋಗ ಇಲ್ಲ. ತಗಡಿನ ಬಕೆಟ್ಟಿನಲ್ಲಿ ಹಾಕಿದರೆ ಸತು ಕರಗಿ ನೀರಿಗೆ ಇಳಿಯುತ್ತದೆ, ಅದು ಇನ್ನೊಂದು ತೊಂದರೆ.

ಚಿತ್ತಾಪುರ ಅಂಗಳ
ಎಲ್ಲಾ ಬರಕೊಂಡೀನ್ರಿ. ನಡುವ ಇನ್ನೊಂದು ಬಂದದ. ಒಂದು ಸ್ವರ್ಣಧಾರಾ ಮುಂಜಾನಿಂದ ಬಾಲ ಕೆಳಗ ಬಿಟ್ಟು ಮೈ ನೆಟ್ಟಗ ಎತ್ತಿ ನಿಂತದ. ಬಾಲ ಹಿಂದ ಮುಂದ ತಿಣಕತದ, ತಿನ್ನಂಗಿಲ್ಲ. ತತ್ತಿ ಸಿಕ್ಕೊಂಡದೇನು?

ಭಾಲ್ಕಿ ಪಶುವೈದ್ಯ
ಅನುಮಾನ ಅದೇ. ಉಗುರು ಕತ್ತರಿಸಿ, ಕೈ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿದ ಒಂದು ಬೆರಳನ್ನು ದ್ವಾರದೊಳಗೆ ಮೆಲ್ಲಗೆ ಎರಡು ಇಂಚಿನವರೆಗೆ ಹಾಕಿ. ಗಟ್ಟಿ ತತ್ತಿ ತಾಗಿದರೆ ಸಿಕ್ಕಿದೆ. ತಾಗದೆ, ಹೊಟ್ಟೆ ನೀರು ತುಂಬಿದ ಚೀಲದಂತೆ ತೂಗುತ್ತಿದ್ದರೆ ಅದು ಬೇರೆ: ಹಳದಿ ನಾಳಕ್ಕೆ ಬೀಳದೆ ಹೊಟ್ಟೆಗೆ ಬಿದ್ದು ಒಳಗೆ ಸೋಂಕಾಗಿರುತ್ತದೆ. ಅದಕ್ಕೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಸಿಕ್ಕಿದ್ದಾದರೆ ಮಾಡಬೇಕಾದ್ದು ಹೀಗೆ. ಮೊದಲು ಉಳಿದ ಕೋಳಿಗಳಿಂದ ದೂರ, ನೆರಳಿನಲ್ಲಿ, ಮಂದ ಬೆಳಕಿನಲ್ಲಿ ಇಡಿ. ಮುಂಗೈ ಒಳಭಾಗಕ್ಕೆ ಬೆಚ್ಚಗೆ ಅನ್ನಿಸುವ ನೀರು, 38–40 ಡಿಗ್ರಿ, ಬುಟ್ಟಿಯಲ್ಲಿ ಹಿಡಿದು ಹೊಟ್ಟೆ ಮುಳುಗುವಷ್ಟಕ್ಕೆ ಕೋಳಿಯನ್ನು 15–20 ನಿಮಿಷ ಕೂರಿಸಿ. ಈಗಿನ ಬಿಸಿಲಿನಲ್ಲಿ ಮಧ್ಯಾಹ್ನ ಇದನ್ನು ಮಾಡಬೇಡಿ, ಬೆಳಿಗ್ಗೆ ಅಥವಾ ಹೊತ್ತು ಮುಳುಗಿದ ಮೇಲೆ. ನಡುವೆ ಬಾಯಿ ತೆರೆದು ತೇಕಿದರೆ ಕೂಡಲೇ ಎತ್ತಿ. ಒರೆಸಿ, ದ್ವಾರದ ಒಳಗೆ ಎಣ್ಣೆ ಸವರಿ, ಕತ್ತಲಲ್ಲಿ ಒಂದು ತಾಸು ಬಿಡಿ. ಬರದಿದ್ದರೆ ಇನ್ನೊಮ್ಮೆ. ಹೊಟ್ಟೆ ಹಿಸುಕಬೇಡಿ. ಒಳಗೇ ತತ್ತಿ ಒಡೆದರೆ ಸಿಪ್ಪೆಯ ಚೂರು ನಾಳವನ್ನು ಸೀಳುತ್ತದೆ, ಹಳದಿ ಕೊಳೆತು ಸೋಂಕಾಗುತ್ತದೆ. ಸಂಜೆಯವರೆಗೂ ಬರದಿದ್ದರೆ ದವಾಖಾನೆಗೆ ಒಯ್ಯಿರಿ. ಕ್ಯಾಲ್ಸಿಯಂ ಚುಚ್ಚುಮದ್ದು, ಬೇಕಾದರೆ ನಾಳ ಹಿಂಡಿ ತತ್ತಿ ತಳ್ಳಿಸುವ ಆಕ್ಸಿಟೋಸಿನ್ ಮದ್ದು ತೂಕ ನೋಡಿ ಕೊಡುತ್ತಾರೆ. ಒಂದು ದಿನ ದಾಟಿದರೆ ಉಳಿಯೋದು ಕಷ್ಟ. ಕ್ಯಾಲ್ಸಿಯಂ ಕೊರತೆಯಲ್ಲಿ ನಾಳದ ಸ್ನಾಯುಗಳಿಗೇ ತಳ್ಳುವ ಶಕ್ತಿ ಇರೋದಿಲ್ಲ. ಅಂದರೆ ನಿಮ್ಮ ತೆಳು ಸಿಪ್ಪೆಗೂ ಈ ತಿಣುಕಾಟಕ್ಕೂ ಬೇರು ಒಂದೇ ಇರಬಹುದು.

ಅಫಜಲಪುರ ಅಕ್ಕ
ಡಾಕ್ಟ್ರೇ, ಒಳಗಿನ ಕೆಂಪು ಮಾಂಸ ಹೊರಗ ಬಂದ್ರ?

ಭಾಲ್ಕಿ ಪಶುವೈದ್ಯ
ಅದು ಇನ್ನೂ ತುರ್ತು, ಅಕ್ಕಾರ. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕಿ ಕರುಳನ್ನೇ ಎಳೆದುಬಿಡುತ್ತವೆ. ಮೊದಲು ಬೇರೆ ಮಾಡಿ. ಉಗುರುಬೆಚ್ಚಗಿನ ಉಪ್ಪು ನೀರಿನಿಂದ ತೊಳೆಯಿರಿ, ಲೀಟರಿಗೆ 9 ಗ್ರಾಂ ಉಪ್ಪು. ಬಾವು ಹೆಚ್ಚಿದ್ದರೆ ಸಕ್ಕರೆ ಪುಡಿ ಉದುರಿಸಿ ಹತ್ತು ನಿಮಿಷ ಬಿಟ್ಟರೆ ನೀರಿಳಿದು ಸಣ್ಣದಾಗುತ್ತದೆ. ತೊಳೆದು, ಎಣ್ಣೆ ಬೆರಳಿನಿಂದ ಒಳಗೆ ತಳ್ಳಿ. ಮತ್ತೆ ಹೊರಬಂದರೆ ಹೊಲಿಗೆ ಬೇಕು, ದವಾಖಾನೆಗೇ ಬನ್ನಿ. ಬೊಜ್ಜು ಬಂದ ಕೋಳಿ, ಎಳೆ ವಯಸ್ಸಿಗೆ ತತ್ತಿ ಶುರು ಮಾಡಿದ ಕೋಳಿ, ಇವೆರಡಕ್ಕೇ ಹೆಚ್ಚು.

ಸುರಪುರ ಹುಂಜ
ಲೈಟ್ ಹಾಕಿದ್ರ ತತ್ತಿ ಹೆಚ್ಚಾಗ್ತಾವ ಅಂತ ಯಾರೂ ಇನ್ನೂ ಅಂದಿಲ್ಲ, ಅದಕ್ಕ ನಾನೇ ಅಂದುಬಿಡ್ತೀನಿ: ಈಗ ಬ್ಯಾಡ. ಏಪ್ರಿಲ್ ಮೇದಾಗ ಹಗಲೇ ಹನ್ನೆರಡೂವರೆ ತಾಸಿನ ಮ್ಯಾಲ ಅದ. ಡಿಸೆಂಬರ್‌ದಾಗ ಹಗಲು 11 ತಾಸಿಗೆ ಇಳೀತದ, ಆವಾಗ 5 ವ್ಯಾಟ್ ಎಲ್ಇಡಿ ಬೆಳಗಿನ ಜಾವ ಹಚ್ಚಬೇಕು. ವಾರಕ್ಕ ಅರ್ಧ ತಾಸಿನಂಗ ಏರಿಸಿ 14 ತಾಸಿಗೆ ನಿಲ್ಲಿಸ್ರಿ. ಸಂಜಿಗೆ ಹಚ್ಚಿ ಪಟಕ್ಕನ ಕರೆಂಟ್ ಹೋದ್ರ ಕೋಳಿ ಕತ್ತಲದಾಗ ಬಡಗಿ ಹತ್ತಲಾರದೆ ನೆಲಕ್ಕೇ ಕೂಡ್ತಾವ, ಮುಂಗಸಿಗೆ ಹಬ್ಬ. 16 ವಾರದೊಳಗಿನ ಮರಿಗೆ ಲೈಟ್ ಹಾಕಲೇಬಾರದು, ಎಳೆ ವಯಸ್ಸಿಗೇ ತತ್ತಿ ಶುರು ಆಗಿ ಡಾಕ್ಟ್ರು ಮ್ಯಾಲ ಹೇಳಿದಂಗ ಕೆಂಪು ಮಾಂಸ ಹೊರಗ ಬರ್ತದ.

ಕಾವಿಗೆ ಕೂತದ್ದನ್ನ ಎಬ್ಬಸಬೇಕಂದ್ರ ನೀರಾಗ ಅದ್ದೋದು, ಬಾಲಕ್ಕ ಡಬ್ಬಿ ಕಟ್ಟೋದು ಮಾಡಬ್ಯಾಡ್ರಿ. ತಂತಿ ತಳದ ಪಂಜರದಾಗ, ಕೆಳಗಿಂದ ಗಾಳಿ ಹೊಟ್ಟಿಗೆ ಬಡಿಯಂಗ ಎತ್ತರಕ್ಕ ಇಟ್ಟು, ನೀರು ಮೇವು ಹಾಕ್ರಿ. ಹುಲ್ಲು ಬುಟ್ಟಿ ಏನೂ ಇಡಬ್ಯಾಡ್ರಿ. ಮೂರು ನಾಲ್ಕು ದಿನಕ್ಕ ಹೊಟ್ಟಿ ಕಾವು ಆರಿ ಎದ್ದುಬಿಡ್ತದ, ಮುಂದ ಎರಡು ಮೂರು ವಾರಕ್ಕ ತತ್ತಿ ಶುರು. ಮರಿ ಮಾಡಿಸೋ ಆಸೆ ಇದ್ರ ಈ ಬ್ಯಾಸಗ್ಯಾಗ ಮೂರು ದಿನದಕಿಂತ ಹಳೀ ತತ್ತಿ ಇಡಬ್ಯಾಡ್ರಿ. ಕೋಣಿ ಬಿಸಿ 27 ಡಿಗ್ರಿ ದಾಟಿದ್ರ ಕಾವು ಕೊಡದೇನೇ ಅರ್ಧಂಬರ್ಧ ಬೆಳದು ಸಾಯ್ತಾವ.

ಆಳಂದ ಹೊಸಬ
ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಮ್ಮವು ಸಿಪ್ಪಿ ಗಟ್ಟಿ ಅವ, ಆದ್ರ ಒಡದ್ರ ಹಳದಿ ಬದಲು ಹಸರು ಮಿಶ್ರಿತ ಕಂದು. ಫ್ರಿಜ್ಜಿನಾಗ ಇಟ್ಟದ್ದು ಇನ್ನೂ ಜಾಸ್ತಿ, ಬಿಳಿನೂ ಗುಲಾಬಿ ಆಗ್ತದ. ರೋಗ ಏನು?

ಹುಮನಾಬಾದ್ ಮೇವು
ಎಮ್ಮೆ ಬಾನಿಯ ಹತ್ತಿರ ಕೋಳಿ ಓಡಾಡುತ್ತವಾ? ಹತ್ತಿಕಾಳು ಅಥವಾ ಹತ್ತಿಕಾಳಿನ ಹಿಂಡಿ ತಿನ್ನುತ್ತಿರಬೇಕು. ಅದರೊಳಗಿನ ಗಾಸಿಪಾಲ್ ಹಳದಿಯನ್ನು ಹಸಿರು-ಕಂದು ಮಾಡುತ್ತದೆ, ಇಟ್ಟಷ್ಟೂ ಗಾಢ. ಬಿಳಿ ಗುಲಾಬಿ ಆಗೋದು ಹತ್ತಿಕಾಳಿನ ಎಣ್ಣೆಯಲ್ಲಿರುವ ಇನ್ನೊಂದು ಅಂಶದಿಂದ. ರೋಗ ಅಲ್ಲ. ಬಾನಿಗೆ ಕೋಳಿ ಹತ್ತದಂತೆ ಮಾಡಿ, ಎರಡು ಮೂರು ವಾರದಲ್ಲಿ ಸರಿಹೋಗುತ್ತದೆ. ಹಳದಿ ಬರೀ ಬಿಳಚಿದ್ದರೆ ಅದು ಬಿಳಿ ಜೋಳದ ಪ್ರಭಾವ. ನುಗ್ಗೆ ಸೊಪ್ಪು, ಕುದುರೆ ಮೆಂತೆ ಹಾಕಿದರೆ ಬಣ್ಣ ಬರುತ್ತದೆ.

ಶಹಾಪುರ ಜವಾರಿ
ಚಿತ್ತಾಪುರ ಅಣ್ಣಾ, ರಾತ್ರಿ ಹತ್ತರ ಮ್ಯಾಲ ಬ್ಯಾಟರಿ ಹಿಡದು ಗೋಡಿ ಸಂದಿ, ಬಡಗಿ ತುದಿ ನೋಡ್ರಿ. ನಮ್ಮ ಕಡಿ ಕಲ್ಲು ಮಣ್ಣಿನ ಗೋಡ್ಯಾಗ ಕೋಳಿ ಉಣ್ಣಿ ಭಾಳ. ಹಗಲಿ ಸಂದ್ಯಾಗ ಅಡಗಿ, ರಾತ್ರಿ ಬಂದು ರಕ್ತ ಕುಡದು ವಾಪಸ್ ಹೋಗ್ತಾವ, ಹಗಲಿ ಕೋಳಿ ಮೈ ನೋಡಿದ್ರ ಒಂದೂ ಸಿಗಂಗಿಲ್ಲ. ಜುಟ್ಟು ಬಿಳಚಿ ತತ್ತಿ ನಿಂತಿದ್ರ ಅನುಮಾನ ಪಡ್ರಿ. ಸಂದಿ ಎಲ್ಲಾ ಸಿಮೆಂಟ್ ಇಲ್ಲಾ ಮಣ್ಣಿಲೆ ಮುಚ್ಚಿ ಸುಣ್ಣ ಬಳೀರಿ. ಬಡಗಿ ಗೋಡಿಗೆ ತಾಗದಂಗ ನಾಲ್ಕು ಗೂಟದ ಮ್ಯಾಲ ನಿಲ್ಲಿಸಿ, ಗೂಟದ ಬುಡ ಎಣ್ಣಿ ಡಬ್ಬ್ಯಾಗ ಇಡ್ರಿ. ಔಷಧ ಹೊಡಿಯೋದಾದ್ರ ಕೋಳಿ ಹೊರಗ ಹಾಕಿ ಗೋಡಿಗೆ ಹೊಡೀರಿ, ಅಳತಿ ಡಾಕ್ಟ್ರನ್ನ ಕೇಳ್ರಿ. 10–12 ದಿನಕ್ಕ ಇನ್ನೊಮ್ಮೆ ಹೊಡೀಬೇಕು, ಮದಲಿನ ಸಲಕ್ಕ ಮೊಟ್ಟಿ ಸಾಯಂಗಿಲ್ಲ.

ಭಾಲ್ಕಿ ಪಶುವೈದ್ಯ
ಉಣ್ಣಿಯ ಮಾತು ಬಹಳ ಸರಿ. ಒಂದು ಎಚ್ಚರಿಕೆ: ತತ್ತಿ ಕಡಿಮೆ ಅಂತ ಮೆಡಿಕಲ್ ಅಂಗಡಿಯಿಂದ ಎನ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ತಂದು ನೀರಿಗೆ ಹಾಕುವವರು ಇದ್ದಾರೆ. ಹಳದಿ ಹತ್ತು ದಿನದಷ್ಟು ಕಾಲ ಒಳಗೆ ಬೆಳೆಯುತ್ತಿರುತ್ತದೆ, ಆಗ ಕೊಟ್ಟ ಔಷಧ ಅದರೊಳಗೆ ಸೇರುತ್ತದೆ. ಔಷಧ ನಿಲ್ಲಿಸಿದ ಮೇಲೂ ಆ ತತ್ತಿ ಮಕ್ಕಳ ತಟ್ಟೆಗೆ ಬರುತ್ತದೆ. ಜಂತುಹುಳದ ಔಷಧಕ್ಕೂ ಇದೇ ಲೆಕ್ಕ, ಎಷ್ಟು ದಿನ ತತ್ತಿ ಬಿಡಬೇಕು ಅಂತ ಕೇಳಿಯೇ ಕೊಡಿ.

ಔಷಧಕ್ಕಿಂತ ಲಸಿಕೆ ನೋಡಿಕೊಳ್ಳಿ. ತತ್ತಿ ಒಮ್ಮೆಲೇ ಅರ್ಧಕ್ಕಿಳಿದು, ಸೊಟ್ಟ, ಸುಕ್ಕುಗಟ್ಟಿದ ಸಿಪ್ಪೆ, ನೀರಿನಂಥ ಬಿಳಿ ಬಂದು, ಜೊತೆಗೆ ಕೋಳಿ ಸೀನುತ್ತಿದ್ದರೆ ಅದು ಬಿಸಿಲಲ್ಲ, ಸೋಂಕು. ಹಸಿರು ಹಿಕ್ಕೆ, ಕುತ್ತಿಗೆ ತಿರುಚೋದು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಒಂದೆರಡು ದಿನದಲ್ಲಿ ಹಲವು ಸತ್ತರೆ ಹೂಳುವ ಮುಂಚೆ ಪಶು ಆಸ್ಪತ್ರೆಗೆ ತಿಳಿಸಿ.

ಚಿತ್ತಾಪುರ ಅಂಗಳ
ತತ್ತಿ ಬಂತ್ರೀ ಡಾಕ್ಟ್ರೇ, ಎರಡನೇ ಸಲ ನೀರಾಗ ಕೂಡಿಸಿದ ಮ್ಯಾಲ. ಸಿಪ್ಪಿ ಒಂದು ಕಡಿ ಒರಟು, ಇನ್ನೊಂದು ಕಡಿ ಕಾಗದದಂಗ. ಲಸಿಕಿ ಮರಿ ಇದ್ದಾಗ ಹಾಕಿಸಿದ್ದೇ ಕಡೀ. ಈಗ ಹಾಕಿಸಬಹುದೇನು?

ಭಾಲ್ಕಿ ಪಶುವೈದ್ಯ
ಒಳ್ಳೆಯದಾಯ್ತು. ಅದಕ್ಕೆ ಎರಡು ದಿನ ನೆರಳು, ಸುಣ್ಣಕಲ್ಲಿನ ಚೂರು, ಸೊಪ್ಪು. ಮತ್ತೆ ತಿಣುಕಿದರೆ ಕಾಯಬೇಡಿ, ಕರೆತನ್ನಿ.

ರಾಣಿಖೇತ್ ಲಸಿಕೆಗಳಲ್ಲಿ ಆರ್2ಬಿ ಅನ್ನೋದು ಈಗ ಬೇಡ. ಅದು 8 ವಾರ ದಾಟಿದ ಮೇಲೆ, ತತ್ತಿ ಶುರುವಾಗುವ ಮುಂಚೆ ಚುಚ್ಚಿಸುವಂಥದ್ದು. ತತ್ತಿ ಇಡುವಾಗ ಕೊಟ್ಟರೆ ತತ್ತಿ ಇನ್ನಷ್ಟು ಬೀಳುತ್ತದೆ. ಅದೇ ರೋಗದ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಕೊಡಬಹುದು, ಎರಡು ಮೂರು ತಿಂಗಳಿಗೊಮ್ಮೆ. ಬೆಳಿಗ್ಗೆ ಎರಡು ತಾಸು ನೀರು ತೆಗೆದು ಬಾಯಾರಿಸಿ, ಈ ಬಿಸಿಲಲ್ಲಿ ಅದಕ್ಕಿಂತ ಹೆಚ್ಚು ಬೇಡ. ಕ್ಲೋರಿನ್ ಇಲ್ಲದ ಬಾವಿ ಅಥವಾ ಬೋರಿನ ನೀರಿಗೆ ಲೀಟರಿಗೆ 5 ಗ್ರಾಂ ಕೊಬ್ಬಿಲ್ಲದ ಹಾಲಿನ ಪುಡಿ ಕಲಸಿ, ಆಮೇಲೆ ಲಸಿಕೆ. ಎರಡು ತಾಸಿನೊಳಗೆ ಕುಡಿದು ಮುಗಿಯಬೇಕು. ತಿಣುಕಿದ ಆ ಕೋಳಿಯನ್ನು ಈ ಸಲ ಬಿಟ್ಟುಬಿಡಿ.

ಚಿತ್ತಾಪುರ ಅಂಗಳ
ಬಾಟಲಿ 100 ಕೋಳಿಗೆ ಬರ್ತದಂತ್ರಿ, ನಮ್ಮವು 15. ಉಳಿದದ್ದು ಫ್ರಿಜ್ಜಿನಾಗ ಇಡಬಹುದಾ?

ಭಾಲ್ಕಿ ಪಶುವೈದ್ಯ
ಬೇಡ. ಕಲಸಿದ ಮೇಲೆ ಎರಡು ತಾಸು ಅಷ್ಟೇ. ಓಣಿಯವರು ಸೇರಿ ಒಂದೇ ದಿನ ಗೊತ್ತು ಮಾಡಿಕೊಂಡು ಎಲ್ಲರ ಕೋಳಿಗೂ ಒಟ್ಟಿಗೆ ಹಾಕಿ, ಬಾಟಲಿಯೂ ಮುಗಿಯುತ್ತದೆ. ಅಂಗಡಿಯಿಂದ ಮನೆಯವರೆಗೆ ಐಸ್ ಹಾಕಿದ ಥರ್ಮಾಸಿನಲ್ಲೇ ತನ್ನಿ, ಬೈಕಿನ ಡಿಕ್ಕಿಯಲ್ಲಿ ಅಲ್ಲ. ಉಳಿದದ್ದನ್ನು ಬಾಟಲಿ ಸಮೇತ ಕುದಿಸಿ ಹೂಳಿ.

ಅಫಜಲಪುರ ಅಕ್ಕ
ಥರ್ಮಾಸಿನಾಗ ಬರೀ ಐಸ್‌ನೀರು ತುಂಬಬ್ಯಾಡ ತಮ್ಮಾ, ಚೀಟಿ ನೆಂದು ಹೆಸರು ತಾರೀಖು ಕಾಣಂಗಿಲ್ಲ. ಬಾಟಲಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಡು.